ಹೇಸರಗತ್ತೆಯ ಋಣ

ಗೌರಿಕುಂಡದಲ್ಲಿ ಬೆಳಗಿನ ನಾಲ್ಕೂವರೆಗೆ ಮೊದಲು ಮೂಗಿಗೆ ಬಡಿಯುವುದು ಲದ್ದಿಯ ವಾಸನೆ, ಆಮೇಲೆ ಚಹಾದ್ದು. ಕೇದಾರಕ್ಕೆ ಹತ್ತುವ ದಾರಿ ಶುರುವಾಗುವುದು ಅಲ್ಲಿಂದ. ಕತ್ತಲಲ್ಲಿ ಟಾರ್ಚುಗಳು, ಗೆಜ್ಜೆಯ ಸದ್ದು, ನೂರಾರು ಪ್ರಾಣಿಗಳ ಉಸಿರಿನ ಹಬೆ. ನಾನು ಚೀಟಿ ಹಿಡಿದು ನಿಂತ ಸಾಲಿನಲ್ಲಿ ನನ್ನ ಮುಂದೆ ಗದಗದ ಕಡೆಯ ಗಂಡ ಹೆಂಡತಿ, ಇಬ್ಬರೂ ಅರವತ್ತು ದಾಟಿದವರು. ಹೆಂಡತಿಗೆಂದು ಒಂದು ಕಂದುಬಣ್ಣದ ಪ್ರಾಣಿಯನ್ನು ತಂದು ನಿಲ್ಲಿಸಿದರು. ಆಕೆ ಟಾರ್ಚು ಬಿಟ್ಟು ಅದರ ಕಿವಿ ನೋಡಿದರು, ಬಾಲ ನೋಡಿದರು, ಮತ್ತೆ ಕಿವಿ ನೋಡಿದರು.

"ರೀ, ಇದು ಕುದರಿ ಅಲ್ಲರೀ. ಕಿವಿ ಎಷ್ಟುದ್ದ ಅದಾವು ನೋಡ್ರಿ. ಕತ್ತಿ ಇದು."

"ಕತ್ತಿ ಎಲ್ಲ್ಯಾರ ಇಷ್ಟೆತ್ತರ ಇರ್ತದೇನ? ಸುಮ್ಮ ಹತ್ತು."

"ಕತ್ತಿ ಮ್ಯಾಲ ಕುಂತು ದೇವರ ಕಡೆ ಹೋಗೂದ? ನಾ ಒಲ್ಲೆ."

ಹಿಂದೆ ಕನ್ನಡ ಬಲ್ಲವರೊಬ್ಬರು ನಿಂತಿದ್ದಾರೆಂದು ಗೊತ್ತಾದ ಕೂಡಲೇ ಇಬ್ಬರೂ ನನ್ನನ್ನು ಪಂಚಾಯಿತಿಗೆ ಎಳೆದರು. ಇದು ಹೇಸರಗತ್ತೆ, ತಾಯಿ ಕುದುರೆ, ತಂದೆ ಕತ್ತೆ ಎಂದೆ. "ಅಂದಮ್ಯಾಲ ಕತ್ತೀನ ಆತಲ್ಲ" ಎಂದು ಆಕೆ ತೀರ್ಪು ಕೊಟ್ಟು, ಸೆರಗು ಬಿಗಿದು, ಹದಿನಾರು ಕಿಲೋಮೀಟರನ್ನು ಕಾಲ್ನಡಿಗೆಯಲ್ಲೇ ಮುಗಿಸುತ್ತೇನೆಂದು ಹೊರಟೇಬಿಟ್ಟರು. ಗಂಡ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಓಡಿದರು. ಆ ಪ್ರಾಣಿ ನನ್ನ ಪಾಲಿಗೆ ಬಂತು. ಮಂಡಿಯ ನೋವು ಹಳೆಯದು. ನನ್ನ ತೂಕ 82 ಕೆಜಿ. ಮುಂದೆ ಬರೆಯುವುದನ್ನೆಲ್ಲ ಅದರ ಬೆನ್ನೇರಿದವರೇ ಬರೆಯುತ್ತಿದ್ದಾರೆ ಎಂದು ಓದುಗರು ನೆನಪಿಟ್ಟುಕೊಳ್ಳಬೇಕು.

ಆಕೆಯ ತೀರ್ಪಿನ ಹಿಂದಿನ ತರ್ಕ ಅವರೊಬ್ಬರದೇ ಅಲ್ಲ, ನಮ್ಮೆಲ್ಲರದು. ತಂದೆ ಕತ್ತೆಯಾದರೆ ಮಗುವೂ ಕತ್ತೆ. ಹನ್ನೊಂದು ತಿಂಗಳು ಹೊಟ್ಟೆಯಲ್ಲಿ ಹೊತ್ತು, ಹಾಲೂಡಿಸಿ, ತನ್ನ ಎತ್ತರವನ್ನೂ ನಡಿಗೆಯನ್ನೂ ಕೊಟ್ಟ ತಾಯಿಗೆ ಹೆಸರಿನಲ್ಲಿ ಜಾಗವಿಲ್ಲ. ನಮ್ಮ ಭಾಷೆಯೂ ಹಾಗೇ ಮಾಡಿದೆ: ಹೇಸರ ಎಂದರೇ ಸಾಕಾಗಿತ್ತು, ಅದಕ್ಕೊಂದು 'ಗತ್ತೆ' ಅಂಟಿಸಿ ಯಾವ ಅನುಮಾನವೂ ಉಳಿಯದಂತೆ ನೋಡಿಕೊಂಡಿದ್ದೇವೆ.

ಸಂಸ್ಕೃತ ಇನ್ನೊಂದು ದಿಕ್ಕಿನಿಂದ ಅದೇ ಜಾಗಕ್ಕೆ ಬಂದಿದೆ. ಅಲ್ಲಿ ಈ ಪ್ರಾಣಿ ಅಶ್ವತರ. 'ತರ' ಎಂದರೆ ಸಾಮಾನ್ಯವಾಗಿ ಹೆಚ್ಚಿನದು ಎಂದರ್ಥ: ಉಚ್ಚತರ, ಗುರುತರ ಎನ್ನುವ ಹಾಗೆ. ಆ ಲೆಕ್ಕದಲ್ಲಿ ಅಶ್ವತರ ಕುದುರೆಗಿಂತ ಮೇಲಿನದಾಗಬೇಕಿತ್ತು. ಹಾಗಾಗಬಾರದೆಂದೇ ಪಾಣಿನಿ ಇದಕ್ಕೂ ಇಂಥ ಇನ್ನು ಮೂರು ಶಬ್ದಗಳಿಗೂ ಬೇರೆಯದೇ ಒಂದು ಸೂತ್ರ ಮಾಡಿ, ಇಲ್ಲಿ 'ತರ' ಎಂದರೆ ಹೆಚ್ಚಲ್ಲ, ತೆಳುವಾದದ್ದು ಎಂದು ವಿಧಿಸಿದ. ಕುದುರೆತನ ತೆಳುವಾಗುವುದೆಂದರೇನು ಎಂಬುದನ್ನು ಕಾಶಿಕಾವೃತ್ತಿ ಬಿಡಿಸಿ ಹೇಳುತ್ತದೆ: ತಂದೆ ಬೇರೆಯಾಗಿರುವುದು. ಪ್ರಾಣಿಯನ್ನು ನೋಡಿದವರು ಅದರ ಕಾಲು, ಬೆನ್ನು, ಗೊರಸುಗಳ ಬಗ್ಗೆ ಕೇಳಲಿಲ್ಲ, ಅಪ್ಪ ಯಾರು ಎಂದು ಕೇಳಿದರು. ಗೌರಿಕುಂಡದ ಆ ಸಾಲಿನಲ್ಲಿ ಟಾರ್ಚು ಬಿಟ್ಟು ಕೇಳಿದ್ದೂ ಅದನ್ನೇ.

ಎರಡನೆಯ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ: ಅದಕ್ಕೆ ಮಕ್ಕಳಾಗುತ್ತವೆಯೇ? ಆಗುವುದಿಲ್ಲ. ಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳು, ಕತ್ತೆಯದರಲ್ಲಿ 62. ಮಗುವಿಗೆ ಅರ್ಧ ಅರ್ಧ ಬಂದು 63 ಆಗುತ್ತದೆ. ಬೀಜಕಣ ತಯಾರಾಗುವಾಗ ಈ ತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಬೆಸಸಂಖ್ಯೆಯೊಂದೇ ತೊಡಕಲ್ಲ, ಎರಡು ಕುಲಗಳ ತಂತುಗಳ ಕಟ್ಟಡವೂ ಬೇರೆ ಬೇರೆ, ಹಾಗಾಗಿ ಜೋಡಿ ಕೂಡುವುದಿಲ್ಲ. ಎಲ್ಲೋ ಅಪರೂಪಕ್ಕೆ ಹೆಣ್ಣು ಹೇಸರಗತ್ತೆ ಮರಿ ಹಾಕಿದ ದಾಖಲೆಗಳಿವೆ. ಹಳೆಯ ರೋಮಿನವರಿಗೆ ಅದು ಎಂದೂ ಆಗದ ಕೆಲಸಕ್ಕೆ ಹೇಳುವ ಮಾತಾಗಿತ್ತು.

ನಮ್ಮವರು ಇದಕ್ಕೆ ಕೊಟ್ಟ ಕಾರಣ ಇನ್ನೂ ಸೊಗಸಾಗಿದೆ. ಐತರೇಯ ಬ್ರಾಹ್ಮಣದಲ್ಲಿ ದೇವತೆಗಳ ನಡುವೆ ಒಂದು ಓಟದ ಪಂದ್ಯ ನಡೆಯುತ್ತದೆ. ಇಂದ್ರನದು ಕುದುರೆಯ ರಥ, ಉಷಸ್ಸಿನದು ಕೆಂಪು ಹಸುಗಳದು, ಅಶ್ವಿನಿಗಳದು ಕತ್ತೆಯದು. ಅಗ್ನಿ ಹೆಣ್ಣು ಹೇಸರಗತ್ತೆಗಳನ್ನು ಕಟ್ಟಿ ಓಡಿಸಿದ. ಓಡಿಸುತ್ತ ಓಡಿಸುತ್ತ ಅವುಗಳ ಗರ್ಭವನ್ನು ಸುಟ್ಟುಬಿಟ್ಟ, ಆದ್ದರಿಂದಲೇ ಅವು ಬಸಿರಾಗುವುದಿಲ್ಲ. ನಂಬುವ ಬಿಡುವ ಮಾತು ಆಚೆಗಿರಲಿ, ಆ ಕಥೆಯಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಪ್ರಾಮಾಣಿಕತೆ. ತಪ್ಪು ಪ್ರಾಣಿಯದಲ್ಲ, ಸವಾರನದು ಎಂದು ಅದು ಒಪ್ಪಿಕೊಳ್ಳುತ್ತದೆ.

ಕುಲದ ಬಗ್ಗೆ ಇಷ್ಟು ಮೂಗು ಮುರಿದವರು ಅದನ್ನು ಮನೆಯಿಂದ ಆಚೆ ಇಟ್ಟರೇ ಎಂದು ನೋಡಿದರೆ, ಇಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಜಾನಶ್ರುತಿ ದೊರೆ, ಗಾಡಿಯ ಕೆಳಗೆ ಕೂತು ಕಜ್ಜಿ ತುರಿಸಿಕೊಳ್ಳುತ್ತಿದ್ದ ರೈಕ್ವನ ಬಳಿ ವಿದ್ಯೆ ಬೇಡಲು ಹೋಗುವಾಗ ಒಯ್ಯುವ ಕಾಣಿಕೆ 600 ಹಸು, ಒಂದು ಕಂಠೀಹಾರ, ಹೇಸರಗತ್ತೆ ಹೂಡಿದ ಒಂದು ರಥ. ಕುದುರೆಯ ರಥವಲ್ಲ. ಶ್ವೇತಾಶ್ವತರ ಎಂಬ ಋಷಿಯ ಹೆಸರಿಗೆ ಪದಶಃ ಅರ್ಥ ಬಿಳಿ ಹೇಸರಗತ್ತೆಗಳುಳ್ಳವನು. ಯೆಹೂದ್ಯರ ಧರ್ಮಶಾಸ್ತ್ರ ಬೇರೆ ಬೇರೆ ಜಾತಿಯ ಪ್ರಾಣಿಗಳನ್ನು ಕೂಡಿಸಬಾರದೆಂದು ಯಾಜಕಕಾಂಡದಲ್ಲಿ ಕಟ್ಟಪ್ಪಣೆ ಮಾಡುತ್ತದೆ. ಅದೇ ಬೈಬಲಿನಲ್ಲಿ ದಾವೀದ ತನ್ನ ಮಗ ಸೊಲೊಮೋನನಿಗೆ ಪಟ್ಟಾಭಿಷೇಕ ಮಾಡಿಸುವಾಗ ಅವನನ್ನು ಕೂರಿಸಿ ಕಳಿಸುವುದು ತನ್ನ ಸ್ವಂತ ಹೇಸರಗತ್ತೆಯ ಮೇಲೆ. ಹುಟ್ಟಿಸುವುದು ಪಾಪ, ಹುಟ್ಟಿದ ಮೇಲೆ ಏರುವುದು ರಾಜಮರ್ಯಾದೆ. ಈ ಎರಡು ನಾಲಿಗೆ ಇಂದಿಗೂ ಹೋಗಿಲ್ಲ.

ಕನ್ನಡನಾಡಿನಲ್ಲಿ ಈ ಪ್ರಾಣಿ ಕಣ್ಣಿಗೆ ಬೀಳುವುದು ಕಡಿಮೆ. ಅಗಸರ ಕತ್ತೆಗಳಿದ್ದವು, ಸಂತೆಗೆ ಹೋಗುವ ತಟ್ಟುಗಳಿದ್ದವು, ಹೇರಿಗೆ ಎತ್ತುಗಳಿದ್ದವು. ಕತ್ತೆಯ ಗಾದೆಗೆ ನಮ್ಮಲ್ಲಿ ಬರವಿಲ್ಲ, ಹೇಸರಗತ್ತೆಯದು ಒಂದೂ ನನ್ನ ಕಿವಿಗೆ ಬಿದ್ದಿಲ್ಲ. ಆದರೆ ಪ್ರಾಣಿಯನ್ನು ಕಾಣದ ನಾಡು ಅದರ ಹೆಸರನ್ನು ಕಲ್ಲಿಗೆ ಕೊಟ್ಟಿದೆ. ದೇವಾಲಯ ಶೈಲಿಗಳು ಮೂರು: ನಾಗರ, ದ್ರಾವಿಡ, ವೇಸರ ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ವೇಸರ ಎಂಬ ಸಂಸ್ಕೃತ ಪದದ ಅರ್ಥ ಹೇಸರಗತ್ತೆ, ನಮ್ಮ 'ಹೇಸರ' ಅದರದೇ ತದ್ಭವ. ಶೈಲಿಯ ಹೆಸರಿಗೆ ಬೇರೆ ವ್ಯುತ್ಪತ್ತಿ ಹೇಳುವ ವಿದ್ವಾಂಸರೂ ಇದ್ದಾರೆ, ಶಿಲ್ಪಶಾಸ್ತ್ರದ ಗ್ರಂಥಗಳಲ್ಲೂ ಲಕ್ಷಣಗಳ ಬಗ್ಗೆ ಒಮ್ಮತವಿಲ್ಲ. ಆದರೂ ಉತ್ತರದ ತಂದೆ, ದಕ್ಷಿಣದ ತಾಯಿಗೆ ಹುಟ್ಟಿದ ಮಿಶ್ರಶೈಲಿ ಎಂಬ ವಿವರಣೆಯೇ ಹೆಚ್ಚು ಪ್ರಚಾರದಲ್ಲಿದೆ. ಬಳ್ಳಾರಿ ಸೀಮೆಯ ಹೊಳಲಿನ ಶಾಸನವೊಂದು ಬಮ್ಮೋಜನೆಂಬ ರೂವಾರಿಯನ್ನು ಹೊಗಳುವಾಗ ನಾಗರ, ಕಳಿಂಗ, ದ್ರಾವಿಡಗಳ ಜೊತೆ ವೇಸರವನ್ನೂ ಬಲ್ಲವನೆಂದು ಹೇಳುತ್ತದೆ. ಅಲ್ಲಿ ಅದು ಬಿರುದು.

ಇಟಗಿಯ ಮಹಾದೇವ ದೇವಾಲಯದ ಮುಂದೆ ಒಮ್ಮೆ ನಿಂತವರಿಗೆ ನಾನು ಹೇಳುತ್ತಿರುವುದು ತಿಳಿಯುತ್ತದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅಂತಸ್ತುಗಳು ದ್ರಾವಿಡದವು, ಮೇಲಕ್ಕೇರುತ್ತ ಅವು ಒಂದರೊಳಗೊಂದು ಕರಗಿ ನಾಗರದ ಏರುಗೆರೆಯನ್ನು ನೆನಪಿಸುತ್ತವೆ. ಇದರ ತಂದೆ ಯಾರೆಂದು ಅಲ್ಲಿ ಯಾರೂ ಜಗಳ ಕಾಯುವುದಿಲ್ಲ, ನಮ್ಮ ಗದಗದ ತಾಯಿಯೂ ಸೇರಿದಂತೆ. ಇಟಗಿ ಅವರ ಊರಿನಿಂದ ದೂರವೇನಿಲ್ಲ, ಖಂಡಿತ ಕೈಮುಗಿದು ಬಂದಿರುತ್ತಾರೆ. ಕಲ್ಲಿನಲ್ಲಿ ಬೆರಕೆಯಾದರೆ ಕಲೆ, ಮಾಂಸದಲ್ಲಿ ಬೆರಕೆಯಾದರೆ ಬೈಗುಳ. ಬೆರಕೆ ಎಂಬುದೇ ಅಸಹಜ ಎನ್ನುವವರು ತಮ್ಮ ತಟ್ಟೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ನಾವು ದೇವರ ಮುಂದೆ ಇಡುವ ಬಾಳೆಹಣ್ಣಿನ ಎಷ್ಟೋ ತಳಿಗಳು ಎರಡು ಕಾಡುಬಾಳೆಗಳ ಬೆರಕೆ, ಬೀಜವಿಲ್ಲದವು, ಕಂದು ಕಿತ್ತು ನೆಟ್ಟರಷ್ಟೇ ಮುಂದುವರಿಯುವಂಥವು. ಅದನ್ನು ಬಂಜೆ ಎಂದು ಯಾರೂ ಹಳಿದಿಲ್ಲ.

ಆದರೆ ಬಾಳೆಗೆ ಕಂದಾದರೂ ಇದೆ. ಹೇಸರಗತ್ತೆಗೆ ಅದೂ ಇಲ್ಲ. ನನ್ನ ವಾದ ನಿಂತಿರುವುದು ಇಲ್ಲಿ. ಪ್ರತಿಯೊಂದು ಹೇಸರಗತ್ತೆಯನ್ನೂ ಹೊಸದಾಗಿಯೇ ಮಾಡಬೇಕು. ಬೀದಿನಾಯಿ ತಾನಾಗಿ ಹೆಚ್ಚುತ್ತದೆ, ಕತ್ತೆಯನ್ನು ಊರಾಚೆ ಬಿಟ್ಟರೂ ಮರಿ ಹಾಕುತ್ತದೆ. ಹೇಸರಗತ್ತೆ ಮಾತ್ರ ಯಾರೋ ಒಬ್ಬ ಮನುಷ್ಯ ಕೂತು ಯೋಚಿಸಿ, ಒಂದು ಕುದುರೆ ಒಂದು ಕತ್ತೆಯನ್ನು ಹೊಂದಿಸದೆ ಹುಟ್ಟುವುದು ಇಲ್ಲವೆನ್ನುವಷ್ಟು ಅಪರೂಪ. ಎರಡೂ ತಮ್ಮಷ್ಟಕ್ಕೆ ಒಂದನ್ನೊಂದು ಬಯಸುವುದಿಲ್ಲ. ಗಂಡುಗತ್ತೆಯನ್ನು ಮರಿಯಿದ್ದಾಗಲೇ ಕತ್ತೆಗಳಿಂದ ಬೇರ್ಪಡಿಸಿ ಕುದುರೆಗಳ ನಡುವೆ ಬೆಳೆಸುತ್ತಾರೆ, ದೊಡ್ಡದಾದ ಮೇಲೆ ಹೆಣ್ಣುಕುದುರೆಯನ್ನು ತನ್ನವಳೆಂದು ತಿಳಿಯಲಿ ಎಂದು. ಇದರ ಉಲ್ಟಾ ಜೋಡಿ, ಗಂಡುಕುದುರೆ ಮತ್ತು ಹೆಣ್ಣುಗತ್ತೆಯದು, ಇನ್ನೂ ಕಷ್ಟ. ಗರ್ಭ ನಿಲ್ಲುವುದೇ ಕಡಿಮೆ, ಹುಟ್ಟಿದ ಮರಿಯೂ ಸಾಮಾನ್ಯವಾಗಿ ಚಿಕ್ಕದು. ಅದಕ್ಕೆ ಇಂಗ್ಲಿಷಿನಲ್ಲಿ ಹಿನ್ನಿ ಎಂಬ ಬೇರೆಯೇ ಹೆಸರಿದೆ, ನಮ್ಮಲ್ಲಿ ಎರಡಕ್ಕೂ ಒಂದೇ.

ಹುಟ್ಟಿದ ಮೇಲೂ ಕಾವಲು ತಪ್ಪಿದ್ದಲ್ಲ. ಕತ್ತೆಯ ಕೆಂಪು ರಕ್ತಕಣದ ಮೇಲೆ ಕುದುರೆಯಲ್ಲಿ ಇಲ್ಲದ ಒಂದು ಅಂಶವಿದೆ. ಕೆಲವು ತಾಯಿಕುದುರೆಗಳ ಮೈ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಆ ಪ್ರತಿಕಾಯ ಮರಿಗೆ ತಲುಪುವುದು ಗಿಣ್ಣುಹಾಲಿನ ಮೂಲಕ. ಕುಡಿದ ಮರಿಯ ರಕ್ತಕಣಗಳು ಒಡೆಯತೊಡಗಿ, ಕಣ್ಣು ಹಳದಿಯಾಗಿ, ಒಂದೆರಡು ದಿನದಲ್ಲಿ ಮರಿ ಸಾಯಬಹುದು. ತಿಳಿದವರು ಅಂಥ ಮರಿಯ ಬಾಯಿ ಕಟ್ಟಿ, ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಬೇರೆ ಕುದುರೆಯ ಗಿಣ್ಣು ಕುಡಿಸುತ್ತಾರೆ. ಗಂಡುಮರಿಗೆ ಬಲಿತ ಮೇಲೆ ಬೀಜ ಒಡೆಸುವುದೂ ಉಂಟು. ಮಕ್ಕಳಾಗದ ಪ್ರಾಣಿಗೆ ಅದೇಕೆ ಎಂದರೆ, ಮಕ್ಕಳಾಗದಿದ್ದರೂ ಮದ ಇರುತ್ತದೆ, ಕೆಲಸಕ್ಕೆ ಬಗ್ಗುವುದಿಲ್ಲ. ಬಸಿರಿನಿಂದ ಬೆನ್ನಿನವರೆಗೆ ಅದರ ಬಾಳಿನ ಒಂದೊಂದು ತಿರುವಿನಲ್ಲೂ ಮನುಷ್ಯನ ಕೈಯಿದೆ. ಅದರ ಬಾಳು ಕೆಟ್ಟರೆ ಪ್ರಕೃತಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ದಾರಿ ನಮಗಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆಂದರೆ, ಹುಟ್ಟಿದ್ದು ಅಷ್ಟು ಒಳ್ಳೆಯ ಕೆಲಸಗಾರ. ತಾಯಿಯ ಎತ್ತರ, ತಂದೆಯ ಗಟ್ಟಿ ಗೊರಸು, ಒರಟು ಮೇವಿನಲ್ಲೂ ಬದುಕುವ ಹೊಟ್ಟೆ, ಇಬ್ಬರಿಗಿಂತ ಹೆಚ್ಚಿನ ಬಾಳಿಕೆ. 1835ರಲ್ಲಿ ಹೇಸರಗತ್ತೆಗಳ ಜೊತೆ ಆಂಡಿಸ್ ಪರ್ವತ ದಾಟಿದ ಡಾರ್ವಿನ್, ಮಿಶ್ರ ಸಂತಾನವೊಂದು ತಂದೆ ತಾಯಿ ಇಬ್ಬರನ್ನೂ ಬುದ್ಧಿಯಲ್ಲಿ, ನೆನಪಿನಲ್ಲಿ, ತಾಳಿಕೆಯಲ್ಲಿ ಮೀರಿಸಿದ್ದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅವನು ಕೊಡುವ ಇನ್ನೊಂದು ವಿವರ ನನಗೆ ಹೆಚ್ಚು ಪ್ರಿಯ. ಆ ತಂಡದಲ್ಲಿ ಕೊರಳಿಗೆ ಗಂಟೆ ಕಟ್ಟಿದ ಒಂದು ಹೆಣ್ಣುಕುದುರೆ ಇರುತ್ತದೆ, ಸ್ಪ್ಯಾನಿಷ್ ಮಾತಿನಲ್ಲಿ ಅದು ಮದ್ರಿನಾ. ರಾತ್ರಿ ಮೇಯಲು ಬಿಟ್ಟ ಹೇಸರಗತ್ತೆಗಳನ್ನು ಬೆಳಿಗ್ಗೆ ಅಟ್ಟಿ ಹಿಡಿಯಬೇಕಾಗಿಲ್ಲ, ಗಂಟೆ ಅಲ್ಲಾಡಿಸಿದರೆ ಎಲ್ಲವೂ ಅವಳ ಹಿಂದೆ ಬಂದು ನಿಲ್ಲುತ್ತವೆ. ವ್ಯಾಕರಣ ಮರೆತ ತಾಯಿಯನ್ನು ಪ್ರಾಣಿ ಮರೆತಿಲ್ಲ.

ಅದರ ಹಟದ ಬಗ್ಗೆಯೂ ನಮ್ಮ ತಿಳಿವಳಿಕೆ ತಲೆಕೆಳಗು. ಕುದುರೆ ಬೆದರಿದರೆ ಓಡುತ್ತದೆ, ಸವಾರ ಓಡಿಸಿದರೆ ಬೀಳುವವರೆಗೂ ಓಡಬಲ್ಲದು. ಅದನ್ನು ನಿಷ್ಠೆ ಎಂದು ಹಾಡಿದ್ದೇವೆ. ಕತ್ತೆ ಬೆದರಿದರೆ ನಿಲ್ಲುತ್ತದೆ, ನಿಂತು ನೋಡುತ್ತದೆ. ಹೇಸರಗತ್ತೆಗೆ ತಂದೆಯಿಂದ ಬಂದದ್ದು ಈ ನಿಲ್ಲುವ ಗುಣ. ಕಾಲಿಟ್ಟರೆ ಜಾರುವ ಕಲ್ಲಿನ ಮುಂದೆ, ಮೈ ತಾಳದ ಹೇರಿನ ಕೆಳಗೆ ಅದು ಹೆಜ್ಜೆ ಕೀಳುವುದಿಲ್ಲ. ನಮ್ಮ ಆಜ್ಞೆಗಿಂತ ತನ್ನ ಜೀವ ಮುಖ್ಯವೆಂದು ಅದು ಬಗೆದರೆ ಅದಕ್ಕೆ ಹಟಮಾರಿ ಎಂದು ಹೆಸರಿಡುತ್ತೇವೆ. ಕೂಲಿಯಾಳಿನ ಬಗ್ಗೆಯೂ ಇದೇ ಮಾತಾಡುವ ಧಣಿಗಳನ್ನು ನಾನು ಕಂಡಿದ್ದೇನೆ.

ಸೈನ್ಯಗಳಿಗೆ ಈ ಗುಣದ ಬೆಲೆ ಗೊತ್ತಿತ್ತು. ಬೆಂಗಳೂರಿನ ಅಗರಂ ಬಳಿ ಓಡಾಡುವವರಿಗೆ ಆರ್ಮಿ ಸರ್ವಿಸ್ ಕೋರ್ ಎಂಬ ಫಲಕ ಪರಿಚಿತ. ಆ ದಳದ ಪ್ರಾಣಿಸಾರಿಗೆ ವಿಭಾಗದ ಬೆನ್ನೆಲುಬು ಹೇಸರಗತ್ತೆ. ಅದರ ಪೂರ್ವಜ ದಳದ ನಾಲ್ಕು ಕಂಪನಿಗಳು 1939ರ ಡಿಸೆಂಬರಿನಲ್ಲಿ ಸುಮಾರು 2,000 ಹೇಸರಗತ್ತೆಗಳೊಂದಿಗೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಹಿಮ ಕಟ್ಟಿದ ರಸ್ತೆಯಲ್ಲಿ ಬ್ರಿಟಿಷರ ಲಾರಿಗಳು ಹೋಗಲಾರದೆ ನಿಂತರೆ ಇವು ಹೋಗಲಿ ಎಂದು. ಮುಂದಿನ ಬೇಸಿಗೆಯಲ್ಲಿ ಡನ್‌ಕರ್ಕ್‌ನಿಂದ ಸೈನ್ಯ ಹಡಗೇರಿತು. ಮನುಷ್ಯರಿಗೇ ಜಾಗ ಸಾಲದಿದ್ದಾಗ ಹೇಸರಗತ್ತೆಗಳನ್ನು ಫ್ರಾನ್ಸಿನಲ್ಲೇ ಬಿಟ್ಟುಬಂದರು. ಬರ್ಮಾದಲ್ಲಿ 1944ರಲ್ಲಿ ಜಪಾನಿಯರ ಬೆನ್ನ ಹಿಂದೆ ನುಗ್ಗಿದ ಚಿಂಡಿಟ್ ಪಡೆಯ ಹೇಸರಗತ್ತೆಗಳದು ಇನ್ನೊಂದು ಪಾಡು. ಕಾಡಿನಲ್ಲಿ ಒಂದು ಒದರಿದರೂ ಪಡೆಯ ಜಾಡು ಶತ್ರುವಿಗೆ ಸಿಗುತ್ತದೆ. ಆದ್ದರಿಂದ ಹೊರಡುವ ಮೊದಲು ಮದ್ದು ಕೊಟ್ಟು ಮಲಗಿಸಿ, ಅವುಗಳ ಧ್ವನಿತಂತುಗಳನ್ನು ಕತ್ತರಿಸಿ ತೆಗೆದರು.

ಅದರ ಧ್ವನಿಯನ್ನು ಕೇಳಿದವರಿಗೆ ಈ ಸಂಗತಿ ಬೇರೆಯಾಗಿ ತಟ್ಟುತ್ತದೆ. ಗೌರಿಕುಂಡದಲ್ಲಿ ನನ್ನದು ಹೊರಡುವ ಮುಂಚೆ ಒಮ್ಮೆ ಕೂಗಿತು. ಕುದುರೆಯ ಕೆನೆತವಾಗಿ ಏಳುತ್ತದೆ, ನಡುವೆ ಎಲ್ಲೋ ಮುರಿದು, ಕತ್ತೆಯ ಅರಚಾಟವಾಗಿ ಇಳಿಯುತ್ತದೆ. ಎರಡೂ ಭಾಷೆ ಬಲ್ಲ ಮನೆಯ ಮಗು ಒಂದು ವಾಕ್ಯವನ್ನು ಅಮ್ಮನ ಮಾತಿನಲ್ಲಿ ಹಿಡಿದು ಅಪ್ಪನ ಮಾತಿನಲ್ಲಿ ಮುಗಿಸಿದ ಹಾಗೆ.

ಇನ್ನು ಕಾನೂನಿನ ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1965ರಲ್ಲಿ ಹೇರಿನ ಪ್ರಾಣಿಗಳಿಗೆಂದೇ ನಿಯಮ ಬಂತು. ಬೆನ್ನ ಮೇಲೆ ಹೇರಬಹುದಾದ ಗರಿಷ್ಠ ತೂಕ ಕತ್ತೆಗೆ 50 ಕೆಜಿ, ತಟ್ಟುಕುದುರೆಗೆ 70, ಹೇಸರಗತ್ತೆಗೆ 200. ಅಪ್ಪನಿಗೆ 50, ಮಗುವಿಗೆ ಅದರ ನಾಲ್ಕು ಪಟ್ಟು. ಹೇರಿನ ಲೆಕ್ಕವನ್ನು ಸವಾರರಿಗೆ ಅನ್ವಯಿಸಿದರೆ, 82 ಕೆಜಿಯ ನಾನು ತಟ್ಟಿನ ಮೇಲೆ ಕೂತಿದ್ದರೆ ತಪ್ಪಿತಸ್ಥ, ಹೇಸರಗತ್ತೆಯ ಮೇಲೆ ಕೂತದ್ದಕ್ಕೆ ಸಭ್ಯ. ಅದಕ್ಕೆ ಬಲ ಹೆಚ್ಚು ಎಂಬುದು ನಿಜ. ಆದರೆ ಬಯಲಿನ ಹಾದಿಗೂ, ಸಾವಿರಾರು ಮೀಟರ್ ಎತ್ತರದಲ್ಲಿ ಉಸಿರು ಕಟ್ಟುವ ಗಾಳಿಯಲ್ಲಿ, ಮಳೆಗೆ ನೆನೆದ ಕಲ್ಲುಮೆಟ್ಟಿಲಿಗೂ ಒಂದೇ ಅಂಕಿ ಹೇಗೆ ಹೊಂದೀತು? ಬಲಶಾಲಿ ಎಂದು ಒಮ್ಮೆ ಬರೆದುಕೊಂಡ ಮೇಲೆ ಎಲ್ಲಿ, ಎಷ್ಟು ಹೊತ್ತು, ದಿನಕ್ಕೆ ಎಷ್ಟನೆಯ ಸಲ ಎಂದು ಕೇಳುವವರು ಕಡಿಮೆಯಾಗುತ್ತಾರೆ.

2022ರ ಯಾತ್ರೆಯಲ್ಲಿ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಕುದುರೆ ಮತ್ತು ಹೇಸರಗತ್ತೆಗಳು ಸತ್ತವು. ವಿಷಯ ಹೈಕೋರ್ಟಿಗೆ ಹೋಯಿತು. ಆರೋಗ್ಯ ತಪಾಸಣೆ, ಬಿಸಿನೀರಿನ ತೊಟ್ಟಿ, ಕತ್ತಲಾದ ಮೇಲೆ ಓಡಿಸಬಾರದೆಂಬ ಕಟ್ಟಳೆ ಬಂದವು. 2025ರ ಮೇ ತಿಂಗಳಲ್ಲಿ ಕುದುರೆಜ್ವರ ಹರಡಿ ಕೆಲವು ದಿನ ಪ್ರಾಣಿಗಳ ಓಡಾಟವನ್ನೇ ನಿಲ್ಲಿಸಬೇಕಾಯಿತು. ಅಷ್ಟು ದಿನ ಯಾತ್ರಿಕರು ಕೇದಾರಕ್ಕೆ ಹೋಗುವುದನ್ನು ಬಿಟ್ಟರೇ? ನಡೆದರು, ಡೋಲಿ ಏರಿದರು, ಹೆಲಿಕಾಪ್ಟರಿಗೆ ಕಾದರು. ಡೋಲಿ ಎಂದರೆ ನಾಲ್ಕು ಮನುಷ್ಯರ ಹೆಗಲು ಎಂಬುದನ್ನು ಮರೆಯಬಾರದು, ಪ್ರಾಣಿದಯೆಯ ಮಾತಾಡುವ ನಮ್ಮಂಥವರು ಅಲ್ಲಿಗೆ ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತೇವೆ.

ನನ್ನ ಪ್ರಾಣಿಯ ಲಗಾಮು ಹಿಡಿದವನು ಇಪ್ಪತ್ತು ದಾಟಿರದ ಹುಡುಗ. ಪ್ರಾಣಿ ಅವನದಲ್ಲ, ಅವನ ಮಾವನದು, ಸಾಲ ಮಾಡಿ ಕೊಂಡದ್ದು. ಆರು ತಿಂಗಳ ಯಾತ್ರೆಯ ದುಡಿಮೆಯಲ್ಲಿ ಸಾಲದ ಕಂತು, ಮೇವು, ಲಾಳ, ಮನೆಯ ಖರ್ಚು ಎಲ್ಲ ಹೊರಡಬೇಕು. ಒಂದು ಸುತ್ತು ಕಡಿಮೆಯಾದರೆ ಕಂತು ತಪ್ಪುತ್ತದೆ. ಕ್ರೌರ್ಯವನ್ನು ಇವನ ಬೆನ್ನಿಗೆ ಕಟ್ಟಿ ನಾವು ಪಾರಾಗುವುದು ಸುಲಭ. ಚೌಕಾಸಿ ಮಾಡಿ ಬಾಡಿಗೆ ಇಳಿಸಿದವರು, ಸಂಜೆಯೊಳಗೆ ದರ್ಶನ ಮುಗಿಸಿ ಇಳಿಯಲೇಬೇಕೆಂದು ಅವಸರ ಮಾಡಿದವರು, ದಿನಕ್ಕೆ ಇಂತಿಷ್ಟೇ ಜನ ಎಂದು ಗಟ್ಟಿಯಾಗಿ ಹೇಳಲಾರದವರು ಎಲ್ಲರೂ ಆ ಬೆನ್ನಿನ ಮೇಲೆಯೇ ಕೂತಿದ್ದೇವೆ.

ಆದರೆ ಇದು ಇನ್ನೆಷ್ಟು ದಿನ? 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು ಎರಡು ಲಕ್ಷ ಹೇಸರಗತ್ತೆಗಳಿದ್ದವು, 2019ರಲ್ಲಿ 84 ಸಾವಿರ. ಏಳು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷದ ಜನವರಿ 15ರಂದು ಪುಣೆಯಲ್ಲಿ ನಡೆದ ಸೇನಾ ದಿನದ ಪೆರೇಡಿನಲ್ಲಿ ನಾಲ್ಕು ಕಾಲಿನ ಯಂತ್ರಗಳ ಸಾಲೊಂದು ಹೆಜ್ಜೆ ಹಾಕಿತು. ಅವುಗಳ ಹೆಸರೂ ಮ್ಯೂಲ್, ಇಂಗ್ಲಿಷ್ ಅಕ್ಷರಗಳನ್ನು ಹೇಗೋ ಹೊಂದಿಸಿ ಮಾಡಿದ್ದು. ಕೆಲಸ ಹೋಗಿದೆ, ಹೆಸರನ್ನು ಮಾತ್ರ ಪಿಂಚಣಿಯಂತೆ ಯಾರಿಗೋ ದಾಟಿಸಿದ್ದಾರೆ.

ಇಲ್ಲಿ ಕೆಲವು ಗೆಳೆಯರು ಸಂರಕ್ಷಣೆಯ ಮಾತೆತ್ತುತ್ತಾರೆ. ಹಾಲಾರಿ ಕತ್ತೆ, ಕಚ್ಛಿ ಕತ್ತೆ, ಮಾರವಾಡಿ ಕುದುರೆಗಳನ್ನು ಉಳಿಸುವ ಹಾಗೆ ಇದನ್ನೂ ಉಳಿಸಬೇಡವೇ ಎಂದು. ನಾನು ಒಪ್ಪುವುದಿಲ್ಲ. ಉಳಿಸಲು ಇಲ್ಲಿ ತಳಿಯೇ ಇಲ್ಲ. ಅಮೆರಿಕದ ಇಡಾಹೊ ವಿಶ್ವವಿದ್ಯಾಲಯದವರು 2003ರಲ್ಲಿ ತದ್ರೂಪಿ ಹೇಸರಗತ್ತೆ ಮರಿಯೊಂದನ್ನು ಹುಟ್ಟಿಸಿದರು, ಕುದುರೆಯ ಕುಟುಂಬದಲ್ಲೇ ಮೊದಲ ತದ್ರೂಪಿ ಅದು. ಅದರಿಂದಲೂ ತಳಿ ಹುಟ್ಟಲಿಲ್ಲ, ಇನ್ನೊಂದು ಪ್ರಾಣಿ ಹುಟ್ಟಿತು ಅಷ್ಟೆ. ಕುದುರೆಯೂ ಕತ್ತೆಯೂ ಇರುವವರೆಗೆ ಹೇಸರಗತ್ತೆಯ ಸಾಧ್ಯತೆ ಎಲ್ಲಿಗೂ ಹೋಗುವುದಿಲ್ಲ, ಬೇಕೆನಿಸಿದ ದಿನ ಮತ್ತೆ ಮಾಡಿಕೊಳ್ಳಬಹುದು. ಬೇಡವೆನಿಸಿದರೆ ಒಂದನ್ನೂ ಕೊಲ್ಲದೆ, ಮಾಡುವುದನ್ನು ಬಿಟ್ಟರೆ ಸಾಕು.

ಹಾಗೆ ಬಿಟ್ಟ ಉದಾಹರಣೆ ಇದೆ. ಸಿರಿಯಾ ಮತ್ತು ಮೆಸೊಪೊಟೇಮಿಯಾದಲ್ಲಿ ಸುಮಾರು 4,500 ವರ್ಷಗಳ ಹಿಂದೆ, ಅಲ್ಲಿಗೆ ಸಾಕುಕುದುರೆ ಬರುವುದಕ್ಕೂ ಮುಂಚೆ, ದೊರೆಗಳ ರಥ ಎಳೆಯಲು ಕುಂಗಾ ಎಂಬ ಪ್ರಾಣಿಯಿತ್ತು. ಬೆಲೆ ಕತ್ತೆಗಿಂತ ಎಷ್ಟೋ ಪಟ್ಟು ಹೆಚ್ಚು, ಉಮ್ಮ್ ಎಲ್-ಮರ್ರಾ ಎಂಬಲ್ಲಿ ಗಣ್ಯರ ಸಮಾಧಿಗಳ ಬಳಿ ಅವನ್ನೂ ಹೂಳಿದ್ದರು. ಅದು ಏನೆಂದು ವಿದ್ವಾಂಸರು ಬಹಳ ಕಾಲ ತಡಕಾಡಿದರು. 2022ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಉತ್ತರ ಕೊಟ್ಟಿತು: ತಾಯಿ ಸಾಕುಗತ್ತೆ, ತಂದೆ ಸಿರಿಯಾದ ಕಾಡುಗತ್ತೆ. ಅದೂ ಪೀಳಿಗೆಯಿಲ್ಲದ ಪ್ರಾಣಿ, ಒಂದೊಂದನ್ನೂ ಹಿಡಿದು ಕೂಡಿಸಿ ಮಾಡಬೇಕಾಗಿತ್ತು. ಕುದುರೆ ಬಂತು, ಜನ ಕುಂಗಾ ಮಾಡುವುದನ್ನು ಬಿಟ್ಟರು. ಅದರ ತಂದೆಯ ಕಡೆಯ ಕಾಡುಗತ್ತೆ ಬೇಟೆಗೆ ಸಿಕ್ಕಿ ಕಳೆದ ಶತಮಾನದಲ್ಲಿ ನಿರ್ನಾಮವಾಯಿತು. ಅಳಬೇಕಾದದ್ದು ಅದಕ್ಕೆ, ಕುಂಗಾಕ್ಕಲ್ಲ.

ಹೀಗಾಗಿ ಹೇಸರಗತ್ತೆಯ ವಿಷಯದಲ್ಲಿ ನಾವು ಜಾತಿ, ತಳಿ, ಪೀಳಿಗೆ ಎಂಬ ದೊಡ್ಡ ಮಾತುಗಳ ಮರೆಗೆ ಹೋಗುವಂತಿಲ್ಲ. ಹುಲಿಯ ವಿಷಯದಲ್ಲಿ ಒಂದು ಹುಲಿ ಸತ್ತರೂ ಹುಲಿಸಂತತಿ ಹೆಚ್ಚಿದೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಇಲ್ಲಿ ಸಂತತಿಯಿಲ್ಲ, ಇರುವುದು ಇದೊಂದು, ಅದೊಂದು, ಮತ್ತೊಂದು. ಈ 84 ಸಾವಿರದಲ್ಲಿ ಒಂದೊಂದೂ ಯಾರೋ ಬೇಕೆಂದು ಹುಟ್ಟಿಸಿದ್ದು. ಋಣ ಇರುವುದು ಆ ಒಂದೊಂದಕ್ಕೆ. ರೋಪ್‌ವೇ ಬಂದ ದಿನ ಹೇಸರಗತ್ತೆಗಳ ಗತಿ ಏನು ಎಂದು ಕೇಳಬೇಕಾದದ್ದು ಈಗ. ಯೋಜನೆಯ ಖರ್ಚು 4,000 ಕೋಟಿ ರೂಪಾಯಿ ದಾಟುತ್ತದೆ. ಅದರಲ್ಲಿ ಒಂದು ಸಣ್ಣ ಪಾಲು ದುಡಿದು ದಣಿದ ಪ್ರಾಣಿಗಳ ಮೇವಿಗೆ, ಅವುಗಳ ಮೇಲೆ ಸಾಲ ಹೊತ್ತ ಮನೆಗಳಿಗೆ ಮೀಸಲಾಗದಿದ್ದರೆ, ಮುದಿಯಾದವು ಬಯಲುಸೀಮೆಯ ಇಟ್ಟಿಗೆಗೂಡುಗಳಿಗೆ ಅಗ್ಗಕ್ಕೆ ಇಳಿಯುತ್ತವೆ. ಯಾತ್ರೆಯ ಬೆಟ್ಟದಲ್ಲಾದರೂ ತೀರ್ಥಯಾತ್ರಿಗಳ ಕಣ್ಣಿತ್ತು, ಇಟ್ಟಿಗೆಗೂಡಿನಲ್ಲಿ ಯಾರ ಕಣ್ಣೂ ಇಲ್ಲ. ಹೊಸದಾಗಿ ಹುಟ್ಟಿಸುವುದಕ್ಕೂ ಒಂದು ಲೆಕ್ಕ ಬೇಕು: ಇದಕ್ಕೆ ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷ ಯಾರು ಹೊಣೆ ಎಂದು ಬರೆದುಕೊಡದೆ ಒಂದು ಮರಿಯನ್ನೂ ಹುಟ್ಟಿಸಬಾರದು ಎಂಬುದು ನನ್ನ ಮತ. ಇದು ಅತಿಯಾಯಿತು ಎನ್ನುವವರು ಟ್ರ್ಯಾಕ್ಟರ್ ಕೊಂಡಾಗ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದರೆಂದು ನೆನಪು ಮಾಡಿಕೊಳ್ಳಲಿ.

ದಾರಿಯಲ್ಲಿ ಹುಡುಗ ಕೇಳಿದ, ನಿಮ್ಮ ಕಡೆ ಖಚ್ಚರ್‌ಗೆ ಏನೆನ್ನುತ್ತಾರೆ ಎಂದು. ಹೇಳಿದೆ. ಎರಡು ಸಲ ಹೇಳಿಸಿಕೊಂಡು, 'ಹೇಸರ್' ಎಂಬುದನ್ನು ನಾಲಿಗೆಗೆ ಕೂರಿಸಿಕೊಂಡು, 'ಗತ್ತೆ' ಎಂದರೇನು ಎಂದ. ಗಧಾ ಎಂದೆ. ಅವನು ನಕ್ಕು ಪ್ರಾಣಿಯ ಕತ್ತು ತಟ್ಟಿದ. "ಇದರಮ್ಮ ಎಷ್ಟು ಚೆಂದದ ಘೋಡಿ ಗೊತ್ತಾ ಸಾಬ್? ನಾನು ನೋಡಿದ್ದೇನೆ."

ಭೀಮಬಲಿ ದಾಟಿ ಏರು ಕಡಿದಾಗುವ ಕಡೆ ಅದು ಇದ್ದಕ್ಕಿದ್ದಂತೆ ನಿಂತಿತು. ಮುಂದೆ ಹಾಸುಗಲ್ಲು, ಮೇಲಿನಿಂದ ಜಿನುಗಿದ ನೀರು, ಅದರ ಮೇಲೆ ತುಳಿದು ನುಣ್ಣಗಾದ ಲದ್ದಿ. ಹಿಂದೆ ಸಾಲು ಕಟ್ಟಿತು. "ಮಾರೋ ಇಸೇ" ಎಂದು ಯಾರೋ ಕೂಗಿದರು, ಇನ್ಯಾರೋ ಕೋಲು ಚಾಚಿದರು. ನಾನು ಇಳಿದೆ. ಹುಡುಗ ಲಗಾಮು ಸಡಿಲ ಬಿಟ್ಟು ಸುಮ್ಮನೆ ನಿಂತ. ಅದು ತಲೆ ಬಗ್ಗಿಸಿ ಕಲ್ಲನ್ನು ಮೂಸಿತು, ಉದ್ದನೆಯ ಕಿವಿಗಳೆರಡನ್ನೂ ಮುಂದಕ್ಕೆ ತಂದಿತು. ಬದಿಯಲ್ಲಿ, ಕಂಬಿಯ ಪಕ್ಕ, ಒಂದು ಗೇಣು ಒಣಜಾಗವಿತ್ತು. ಗದಗದ ದಂಪತಿ ಅದೇ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಹತ್ತಿ ಬಂದು ನಮ್ಮ ಪಕ್ಕದಲ್ಲೇ ನಿಂತರು, ಮುಂದೆ ಹೋಗಲು ಅವರಿಗೂ ದಾರಿಯಿರಲಿಲ್ಲ. ಎಲ್ಲರೂ ಅದರ ಮುಂಗಾಲನ್ನೇ ನೋಡುತ್ತ ನಿಂತೆವು.